ಹಿತ್ತಾಳೆಯ ಫುಟ್‌ವಾಲ್

ಘೋಡಗೇರಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಧರಣೇಂದ್ರನಿಗೆ ಬೆಳಗಾವಿಯ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದ್ದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡ ಉಬ್ಬಿದೆ, ಒಡೆದರೆ ಜೀವ ಉಳಿಯುವುದು ಕಷ್ಟ, ಬೇಗ ಆಪರೇಷನ್ ಆಗಬೇಕು. ದಾರಿ ಎರಡು. ಉಬ್ಬಿದ ಬುಡದ ಜೊತೆ ಅದರೊಳಗಿನ ವಾಲ್ವನ್ನೂ ತೆಗೆದು, ಲೋಹದ ವಾಲ್ವ್ ಕೂಡಿಸಿದ ಹೊಸ ನಳಿಗೆ ಹಾಕುವುದು. ಅದು ಸವೆಯುವುದಿಲ್ಲ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವವಿರುವ ತನಕ ಗುಳಿಗೆ ನುಂಗಬೇಕು, ಗಾಯವಾದರೆ ರಕ್ತ ಬೇಗ ನಿಲ್ಲದು. ಇಲ್ಲವೇ ಬುಡವನ್ನಷ್ಟೇ ಬದಲಿಸಿ, ಅವನದೇ ವಾಲ್ವನ್ನು ಹೊಸ ನಳಿಗೆಯೊಳಗೆ ಹೊಲಿಯುವುದು. ಆ ಗುಳಿಗೆಯ ಕಾಟವಿಲ್ಲ. ಆದರೆ ಮುಂದೆ ಸೋರಿದರೆ ಮತ್ತೆ ಎದೆ ತೆರೆಯಬೇಕಾದೀತು.

"ನಿಮ್ಮ ವಾಲ್ವ್ ಚಲೋ ಐತ್ರಿ. ವಿಚಾರ ಮಾಡಿ ಸೋಮವಾರ ಹೇಳ್ರಿ," ಎಂದಿದ್ದರು.

ಧರಣೇಂದ್ರ ವಿಚಾರ ಮಾಡುವ ಪೈಕಿ ಅಲ್ಲ. ಹುಕ್ಕೇರಿಯಲ್ಲಿ ಬಸ್ಸು ಬದಲಿಸುವಾಗಲೇ ಹೆಂಡತಿ ಪದ್ಮವ್ವನಿಗೆ ತೀರ್ಪು ಹೇಳಿಬಿಟ್ಟ.

"ಲೋಹದ್ದ ಹಾಕಸೂದು. ಹೊಸಾ ಪೈಪಿನ ಬುಡಕ್ಕ ನೀರ ಹಿಡಿಯಾಕ ಹಳೀ ಫುಟ್‌ವಾಲ್ ಹಾಕಂದ ಗಿರಾಕಿ ಲಗಮಣ್ಣಗ ನಾ ಮೊನ್ನೆ ಏನಂದೆ?"

"ನಾಕ ಕಾಲಿನ ಕತ್ತಿ ಅಂದ್ರಿ. ಓಣಿ ಮಂದಿಯೆಲ್ಲಾ ಕೇಳ್ಯಾರ."

"ಮತ್ತ ಈಗ ನಾ ಕತ್ತಿ ಆಗ್ಲೇನು?"

ಬಸ್ಸಿನಲ್ಲಿ ಪದ್ಮವ್ವ ಅವನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳ ಗೆಣ್ಣಿನ ಮೇಲೆ ನಿನ್ನೆಯ ಗಾಯ, ಅದರ ಪಕ್ಕದಲ್ಲೇ ಹೋದ ವಾರದ್ದು.

"ಆ ಗುಳಿಗಿ ನುಂಗಿ ಈ ಕೈಯಾಗ ನಟ್ ಬಿಚ್ಚೂ ಪಾನಾ ಹೆಂಗ ಹಿಡೀತೀರಿ?"

"ಕೆಲ್ಸಾ ಬಿಡ್ತೇನಿ."

"ಬಿಟ್ಟು ದಿನಾಪೂರ್ತಿ ಮನ್ಯಾಗ ಕುಂತು ನನ್ನ ಮ್ಯಾಲ ಒದರತೀರೇನು? ಅದಕ್ಕೇನ್ ಗುಳಿಗಿ ಐತಿ?"

ಹಿಂದಿನ ಸೀಟಿನವರು ನಕ್ಕರು. ಧರಣೇಂದ್ರ ಅವರತ್ತ ಕೆಕ್ಕರಿಸಿ ನೋಡಿದ. ಕೈ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಮನೆ ಮುಟ್ಟಿದ್ದೇ ಪದ್ಮವ್ವ ಅವನನ್ನು ಹಿತ್ತಲ ಬಾವಿಯ ಹತ್ತಿರ ಕರೆದಳು.

"ಹೋದ ವರ್ಷ ಇದಕ್ಕ ಹೊಸಾ ಪೈಪ್ ಹಾಕಿದ್ರಿ. ಕೆಳಗಿನ ಫುಟ್‌ವಾಲ್ ಯಾವುದು?"

"ಅಪ್ಪಾ ಹಾಕಿದ್ದು."

"ಅದನ್ಯಾಕ ಬದಲಸ್ಲಿಲ್ಲ?"

"ಯಾಕ ಬದಲಸೂದು? ಹಿತ್ತಾಳಿದು, ಗಟ್ಟಿ ಐತಿ. ಒಂದ ಹನಿ ಕೆಳಗ ಬಿಡೂದಿಲ್ಲ..." ಎನ್ನುತ್ತ ಧರಣೇಂದ್ರ ಅರ್ಧಕ್ಕೇ ನಿಂತ.

ಪದ್ಮವ್ವ ಸ್ವಿಚ್ ಒತ್ತಿದಳು. ಎರಡು ದಿನ ನಿಂತಿದ್ದ ಪಂಪು. ಆದರೂ ಮೇಲಿಂದ ನೀರು ತುಂಬುವ ಗೋಜಿಲ್ಲದೆ ಒಮ್ಮೆಲೇ ಧೋ ಎಂದು ಸುರಿಯಿತು. ಪೈಪಿನ ನೀರನ್ನು ಆ ಹಳೆಯ ಹಿತ್ತಾಳೆ ಅಷ್ಟೂ ಹೊತ್ತು ಹಿಡಿದುಕೊಂಡೇ ಇತ್ತು.

"ಅದು ಬಾವಿ, ಇದು ಎದಿ," ಎಂದು ಗುರುಗುಟ್ಟಿದ. "ಮುಂದ ಸೋರಿದ್ರ?"

"ಮತ್ತ ಹೋಗೂಣು. ನಾ ಬಾಜೂಕ ಇರ್ತೇನಲ್ಲ."

ಧರಣೇಂದ್ರ ನೀರಿಗೆ ಕೈಯೊಡ್ಡಿದ. ಗೆಣ್ಣಿನ ಗಾಯ ಬಾಯಿ ಬಿಟ್ಟು ಒಂದಿಷ್ಟು ರಕ್ತ ಬಂತು. ನೋಡುತ್ತ ನಿಂತ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ನಿಂತಿತು.

"ಸೋಮವಾರ ಡಾಕ್ಟರಿಗೆ ನೀನ ಹೇಳ. ಇದ್ದದ್ನ ಹೊಲೀರಿ ಅಂತ."

"ಹೇಳ್ತೇನಿ."

"ಆದ್ರ ಲಗಮಣ್ಣಗ ಮಾತ್ರ ಹೇಳಬ್ಯಾಡ."