ಬಾಯಿಯೂ ಮೈಯಲ್ಲೇ ಉಂಟು

ಅಮ್ಮಣಿ ಅಳಲೆಂದು ಬಾಯಿ ತೆರೆದದ್ದೇ ತಡ, ಮೇಲಿನ ಹಲ್ಲಿನ ಸೆಟ್ಟು ಜಾರಿತು. ನೆರೆಮನೆಯ ಆ ಮುದುಕಿ ಅದನ್ನು ಅಂಗೈಯಲ್ಲಿ ಹಿಡಿದು, ಸೆರಗಿನಲ್ಲಿ ಒರೆಸಿ, ಮತ್ತೆ ಬಾಯಿಗಿಟ್ಟುಕೊಂಡಳು. ಚಾವಡಿಯಲ್ಲಿದ್ದವರೆಲ್ಲ ನೆಲ ನೋಡಿದರು. ಬಾಳೆಲೆಯ ಮೇಲೆ ಮಲಗಿಸಿದ್ದ ಹೆಂಡತಿಯ ತಲೆಯ ಬಳಿ ಕೂತಿದ್ದ ಪುರುಷೋತ್ತಮನೇ ಮೊದಲು ನಕ್ಕ.

“ಸೆಟ್ಟು ಸಡಿಲ ಆಗಿದೆ, ಸರಿ ಮಾಡಿಸ್ಲಿಕ್ಕೆ ಬನ್ನಿ ಅಂತ ರಾಜೀವಿ ಎಷ್ಟು ಸಲ ಹೇಳಿದ್ದಾಳೆ ಅಮ್ಮಣಿಯಕ್ಕ?”

“ಬರ್ತಿದ್ದೆ ಮಾರಾಯ. ಆದ್ರೆ ನಿನ್ನ ಹೆಂಡ್ತಿ ಬಾಯಿತುಂಬ ಹತ್ತಿ ತುರುಕಿದ ಮೇಲೆಯೇ ಊರಿನ ಸುದ್ದಿ ಕೇಳೋದು. ಉತ್ತರ ಹೇಳ್ಲಿಕ್ಕೆ ಆಗ್ಬೇಕಲ್ಲ?”

ಈಗ ಎಲ್ಲರೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಉಜ್ವಲಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಬಂದ್ಯೋಡಿನ ಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ರಾಜೀವಿಯ ಕ್ಲಿನಿಕ್ ನಡೆದಿತ್ತು. ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಾ ತಜ್ಞೆ ಎಂದು ಬೋರ್ಡಿನಲ್ಲಿ ಬರೆಸಿದ್ದಳು. ಜನ ಮಾತ್ರ ‘ಹಲ್ಲು ಕೀಳುವ ಡಾಕ್ಟ್ರು’ ಎನ್ನುತ್ತಿದ್ದರು. ಹಾಗೆಂದವರನ್ನು ಕೂರಿಸಿ, ದವಡೆಯಲ್ಲಿ ಎಷ್ಟೆಲ್ಲ ಸಂಗತಿಗಳುಂಟು ಎಂದು ವಿವರಿಸಿಯೇ ಬಿಡುತ್ತಿದ್ದಳು. ನಿನ್ನೆ ಸಂಜೆ ಕ್ಲಿನಿಕ್ಕಿನಿಂದ ಬಂದು ಕಾಫಿ ಕೇಳಿದ್ದಳು. ಪುರುಷೋತ್ತಮ ಲೋಟ ತಂದಿಡುವಷ್ಟರಲ್ಲಿ ಎದೆಬಡಿತ ನಿಂತಿತ್ತು. ಅದೇ ಕ್ಲಿನಿಕ್ಕಿನಲ್ಲಿ ತಾಯಿಯ ಜೊತೆಗೇ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡುವ ಉಜ್ವಲಾ ಎದೆ ಒತ್ತಿ ಒತ್ತಿ ಸೋತಿದ್ದಳು.

ಅಂಗಳಕ್ಕೆ ಜೀಪೊಂದು ಬಂತು. ವರ್ಕಾಡಿಯ ಲೋಕಯ್ಯನ ಬಾಡಿಗೆ ಜೀಪು. ಅದರಿಂದ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ ಹಿಡಿದುಕೊಂಡು ಒಬ್ಬ ಹೆಂಗಸು ಇಳಿದಳು. ಅವಳ ಗಲ್ಲದ ಕೆಳಗೆ ಹಳೆಯ ಗಾಯದ ಗೆರೆಯಿತ್ತು.

“ಯಾರಿದು?” ಅಮ್ಮಣಿ ಕೇಳಿದಳು.

“ಶಂಕರಿ,” ಎಂದ ಪುರುಷೋತ್ತಮ. “ಬೀಡಿ ಕಟ್ಟುವವಳು. ದೊಡ್ಡ ದೊಡ್ಡ ಆಫೀಸರುಗಳ ಮೀಟಿಂಗಿಗೆ ಹೋದವಳು.”

*

ಕೊರೋನಾದ ಮೊದಲ ವರ್ಷ. ತಲಪಾಡಿಯಲ್ಲಿ ಎರಡು ರಾಜ್ಯಗಳ ನಡುವಿನ ಗಡಿ ಮುಚ್ಚಿತ್ತು. ದಿನಾ ಹೋಗಿ ಬರುತ್ತಿದ್ದ ಮಂಗಳೂರು ಪರದೇಶವಾಗಿತ್ತು. ಊರೊಳಗೆ ಓಡಾಡಲೂ ತಕ್ಕ ಕಾರಣ ಬೇಕು. ಎದೆನೋವು, ಹೆರಿಗೆ ಎಂದರೆ ಪೊಲೀಸರು ದಾರಿ ಬಿಡುತ್ತಿದ್ದರು. ಹಲ್ಲುನೋವು ಎಂದರೆ ಲವಂಗ ಕಚ್ಚಿಕೊಳ್ಳಿ ಎಂದು ವಾಪಸ್ ಕಳಿಸುತ್ತಿದ್ದರು. ತೆರೆದ ಬಾಯಿಯ ಎದುರೇ ಕೂತು ಕೆಲಸ ಮಾಡಬೇಕಾದ ಹಲ್ಲಿನ ಡಾಕ್ಟರರಿಗೆ ಮೈಮುಚ್ಚುವ ರಕ್ಷಣೆಯ ಕಿಟ್ಟೂ ಸಿಗುತ್ತಿರಲಿಲ್ಲ. ಸುತ್ತಲಿನ ಹಲ್ಲಿನ ಡಾಕ್ಟರರೆಲ್ಲರ ಪರವಾಗಿ ರಾಜೀವಿ ಕಂಡಕಂಡವರಿಗೆ ಫೋನು ಮಾಡಿದಳು. “ಈಗ ಹಲ್ಲಿಗೆಲ್ಲ ಪುರ್ಸೊತ್ತಿಲ್ಲ ಡಾಕ್ಟ್ರೇ” ಎಂಬ ಉತ್ತರ ಕೇಳಿ ಕೇಳಿ ಬೇಸತ್ತಳು. ಕಡೆಗೆ ಜಿಲ್ಲೆಯ ಆಫೀಸರುಗಳ ಒಂದು ಆನ್‌ಲೈನ್ ಸಭೆಯ ಕೊನೆಯಲ್ಲಿ ಮಾತಾಡಲು ಅವಕಾಶ ಸಿಕ್ಕಿತು.

ಆ ದಿನ ಬೆಳಿಗ್ಗೆಯೇ ಲೋಕಯ್ಯ ಒಳದಾರಿಗಳಲ್ಲಿ ಜೀಪು ಓಡಿಸಿಕೊಂಡು ಶಂಕರಿಯನ್ನು ಮನೆಗೇ ಕರೆತಂದ. ದವಡೆಹಲ್ಲಿನ ಕೀವು ಕುತ್ತಿಗೆಗೆ ಇಳಿದಿತ್ತು. ಗಲ್ಲದ ಕೆಳಗೆ ಎರಡೂ ಕಡೆ ಬಾತು ಕಲ್ಲಿನಂತಾಗಿತ್ತು. ನಾಲಗೆ ಮೇಲೆದ್ದು ಬಾಯಿ ಮುಚ್ಚುತ್ತಿರಲಿಲ್ಲ. ಉಗುಳೂ ನುಂಗಲಾಗದೆ ಸೋರುತ್ತಿತ್ತು.

ಮುಟ್ಟಿ ನೋಡಿದ ರಾಜೀವಿಯ ಮುಖ ಬಿಗಿಯಿತು. “ಉಜ್ವಲಾ, ಇದು ಉಸಿರಿಗೇ ಅಡ್ಡ ಬರ್ತದೆ. ಇಲ್ಲಿ ಕೈ ಹಾಕ್ಲಿಕ್ಕೆ ಆಗುದಿಲ್ಲ. ಆಪರೇಷನ್ ತಿಯೇಟರ್ ಬೇಕು, ಅರಿವಳಿಕೆಯ ಡಾಕ್ಟ್ರು ಬೇಕು.”

ಉಜ್ವಲಾ ಆಸ್ಪತ್ರೆಗಳಿಗೆ ಫೋನು ಮಾಡಿದಳು. ಎಲ್ಲ ಕಡೆ ಕೊರೋನಾಕ್ಕೆಂದು ಮೀಸಲು. ಅಷ್ಟರಲ್ಲಿ ರಾಜೀವಿಯ ಫೋನಿನಲ್ಲಿ ಸಭೆ ಶುರುವಾಯಿತು. ಹಾಸಿಗೆಗಳ ಮಾತು, ವೆಂಟಿಲೇಟರುಗಳ ಮಾತು. ರಾಜೀವಿ ನಡುವೆ ಬಾಯಿ ಹಾಕಿದಳು. “ಹಲ್ಲಿನ ವಿಷಯ ಕೊನೆಗೆ, ಡಾಕ್ಟರ್,” ಎಂದ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ಅವಳ ಧ್ವನಿ ಮ್ಯೂಟ್ ಮಾಡಿಸಿದ.

ರಾಜೀವಿ ಫೋನನ್ನು ಗಂಡನ ಕೈಗೆ ಕೊಟ್ಟಳು. “ಅವಳ ಮುಖಕ್ಕೆ ಹಿಡೀರಿ. ಅಲ್ಲಾಡಿಸ್ಬೇಡಿ.”

ಪುರುಷೋತ್ತಮ ಹಿಡಿದ. ಸಣ್ಣ ಸಣ್ಣ ಚೌಕಗಳಲ್ಲಿದ್ದ ಮುಖಗಳ ನಡುವೆ, ಉಸಿರಿಗಾಗಿ ಒದ್ದಾಡುವ ಶಂಕರಿಯ ತೆರೆದ ಬಾಯಿ ಕಾಣಿಸಿತು. ಒಬ್ಬೊಬ್ಬರೇ ಮಾತು ನಿಲ್ಲಿಸಿದರು.

“ಅವರಿಗೆ ಎಂತ ಆಗಿದೆ?” ಯಾವುದೋ ಚೌಕದಿಂದ ಒಬ್ಬ ಡಾಕ್ಟರು ಗಾಬರಿಯಿಂದ ಕೇಳಿದರು. ರಾಜೀವಿಯ ಮ್ಯೂಟ್ ತೆಗೆಸಿದರು.

“ಹಲ್ಲುನೋವು ಸಾರ್!” ಅಷ್ಟನ್ನು ಆಫೀಸರುಗಳ ಮಲಯಾಳದಲ್ಲಿ ಹೇಳಿದಳು. ಸಿಟ್ಟಿನಲ್ಲಿ ಮುಂದಿನದೆಲ್ಲ ಕನ್ನಡಕ್ಕೆ ಜಾರಿತು. “ಎರಡು ಸಲ ಮನೆಯಿಂದ ಹೊರಟಿದ್ದಾಳೆ ಇವಳು. ಎರಡು ಸಲವೂ ಹಲ್ಲುನೋವಲ್ವಾ ಅಂತ ವಾಪಸ್ ಕಳಿಸಿದ್ದಾರೆ. ಬಾಯಿಯೂ ಮೈಯಲ್ಲೇ ಉಂಟು ಸಾರ್! ನಮ್ಮ ಡಾಕ್ಟ್ರುಗಳಿಗೆ ಕಿಟ್ ಕೊಡಿ, ನಮ್ಮ ಪೇಷೆಂಟುಗಳಿಗೆ ದಾರಿ ಬಿಡಿ. ಅದು ನಾಳೆ ಆದ್ರೂ ಅಡ್ಡಿಯಿಲ್ಲ. ನನಗೆ ಈಗ ಒಂದು ತಿಯೇಟರ್ ಬೇಕು.”

“ನಿಮಗೆ ಪ್ರಾಯ ಆಯ್ತಲ್ಲ ಮೇಡಂ,” ಎಂದ ಅಧಿಕಾರಿ, ಈಗ ಮೆತ್ತಗೆ. “ಸೋಂಕಿನ ಅಪಾಯ ಉಂಟು. ಬೇರೆ ಯಾರಾದ್ರೂ ಸರ್ಜನ್…”

“ಇದಕ್ಕೇ ಸಾರ್ ನಾನು ಕಲ್ತದ್ದು.”

ಮಧ್ಯಾಹ್ನದೊಳಗೆ ಒಂದು ಆಸ್ಪತ್ರೆಯ ತಿಯೇಟರ್ ತೆರೆಯಿತು. ಸಂಜೆ ಕೆನ್ನೆಯ ಮೇಲೆಲ್ಲ ಮಾಸ್ಕಿನ ಅಚ್ಚು ಹೊತ್ತು ರಾಜೀವಿ ಮನೆಯ ಅಂಗಳಕ್ಕೆ ಬಂದು ನಿಂತಳು. ಬಿಸಿನೀರು ತಂದ ಪುರುಷೋತ್ತಮನಿಗೆ ಕೇಳುವ ಧೈರ್ಯವಾಗಲಿಲ್ಲ.

“ಬದುಕಿದ್ಳು,” ಎಂದಳು ಅವಳೇ. ಆಮೇಲೆ ಕಲ್ಲಿನ ಮೇಲೆ ಕೂತು ಸಣ್ಣ ಹುಡುಗಿಯಂತೆ ಅತ್ತಳು.

ಆ ವಾರವೇ ಹಲ್ಲು-ದವಡೆಯ ರೋಗಿಗಳಿಗೂ ದಾರಿ ತೆರೆಯಿತು. ಕಿಟ್ಟುಗಳೂ ಬಂದವು, ಎಲ್ಲ ಆರಡಿ ಆಳುಗಳ ಅಳತೆಗೆ. ಐದಡಿಯೂ ಇಲ್ಲದ ರಾಜೀವಿ ಎಡವಿ ಬೀಳದಂತೆ ಪುರುಷೋತ್ತಮ ದಿನಾ ಬೆಳಿಗ್ಗೆ ಅದರ ಕಾಲು ಮಡಚಿ ಟೇಪು ಅಂಟಿಸಿ ಕೊಡುತ್ತಿದ್ದ.

*

“ನನ್ನ ಮದುವೆಗೆ ಬಂದವರು ಸಹ ನನ್ನನ್ನು ಅಷ್ಟು ನೋಡಿರ್ಲಿಕ್ಕಿಲ್ಲ,” ಎಂದಳು ಶಂಕರಿ, ಮಲ್ಲಿಗೆಯನ್ನು ರಾಜೀವಿಯ ಮುಡಿಗಿಡುತ್ತ. “ಮೀಟಿಂಗಿನವರೆಲ್ಲ ನನ್ನ ಹುಳುಕು ಹಲ್ಲು ನೋಡಿದ್ದಾರೆ! ಮರುದಿನ ಎಚ್ಚರ ಆದಾಗ ಡಾಕ್ಟ್ರಮ್ಮ ಹೇಳ್ತಾರೆ, ಶಂಕರಿ, ನಿನ್ನ ಬಾಯಿ ಮಾತಾಡದೆಯೇ ಎಷ್ಟು ಕೆಲಸ ಮಾಡಿತು ನೋಡು ಅಂತ.”

ನಗುತ್ತ ನಗುತ್ತಲೇ ಅವಳು ಹೆಣದ ಕಾಲು ಹಿಡಿದುಕೊಂಡಳು. ಬಿಡಿಸಲು ಉಜ್ವಲಾಳೇ ಬರಬೇಕಾಯಿತು.

ತುಳಸಿನೀರು ಬಿಟ್ಟಾಯಿತು. ಮನೆಯ ಹಿಂದಿನ ಜಾಗದಲ್ಲಿ ಮಾವಿನ ಸೌದೆಗೆ ಉಜ್ವಲಾ ಬೆಂಕಿಯಿಟ್ಟಳು. ಸ್ನಾನ ಮುಗಿಸಿ ಬಂದವರು ಜಗಲಿಯಲ್ಲಿ ಕೂತಿದ್ದಾಗ, ಕೆನ್ನೆಗೆ ಹೆಗಲಿನ ಬೈರಾಸು ಬಟ್ಟೆ ಒತ್ತಿಕೊಂಡು ಒಬ್ಬ ಅಂಗಳಕ್ಕೆ ಬಂದ. ತೆಂಗಿನಕಾಯಿ ಕೀಳುವ ಬಟ್ಯ.

“ಕ್ಲಿನಿಕ್ ಬಂದ್ ಇತ್ತು… ಡಾಕ್ಟ್ರು…” ಎಂದವನು ಹಿತ್ತಲಿನ ಹೊಗೆ ಕಂಡು ನಿಂತುಬಿಟ್ಟ. “ಅಯ್ಯೋ, ನನಗೆ ಗೊತ್ತಿರ್ಲಿಲ್ಲ.”

“ಇವತ್ತು ಸೂತಕ ಮಾರಾಯ,” ಎಂದ ಲೋಕಯ್ಯ. “ಬೇರೆ ಎಲ್ಲಿಗಾದ್ರೂ ಹೋಗು.”

ಬಟ್ಯ ತಲೆಯಾಡಿಸಿ ತಿರುಗಿದ.

“ಎಲ್ಲಿಗೆ ಹೋಗೋದು ಅವ?” ಪುರುಷೋತ್ತಮ ಎದ್ದ. “ಬಾ ಇಲ್ಲಿ, ಕೂತ್ಕೋ.”

ಉಜ್ವಲಾ ಒದ್ದೆ ಕೂದಲನ್ನು ಗಂಟು ಹಾಕಿ, ಬಿಸಿಲು ಬೀಳುವಲ್ಲಿಗೆ ಕುರ್ಚಿ ಎಳೆದಳು. ಬಟ್ಯ ಕೂತು, ಮುಜುಗರದಿಂದ ಸುತ್ತ ನೋಡಿ, ಬಾಯಿ ತೆರೆದ. ಸಾವಿಗೆ ಬಂದವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು.

“ಕೆಳಗಿನದ್ದು, ಬಲಗಡೆ,” ಎಂದಳು ಅಮ್ಮಣಿ.

“ಅಲ್ಲ, ಅದರ ಹಿಂದಿನದ್ದು,” ಎಂದಳು ಶಂಕರಿ.

“ನೀವಿಬ್ಬರೂ ಸ್ವಲ್ಪ ಬೆಳಕು ಬಿಡಿ,” ಎಂದಳು ಉಜ್ವಲಾ. ಪುರುಷೋತ್ತಮ ಹಿಂದೆ ಬಂದು ನಿಂತು, ಬಟ್ಯನ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿ, ಅಲ್ಲಾಡದ ಹಾಗೆ ಎರಡೂ ಕೈಗಳಲ್ಲಿ ಹಿಡಿದುಕೊಂಡ.