ದುಂಡು ಅಪಾಯ

'ಅಪಾಯ' ಎಂಬ ಹೊಸ ಬೋರ್ಡಿನ ಮುಂದೆ ನಿಂತು ಇಬ್ಬರು ಹೊಸ ಕೆಲಸಗಾರರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹನುಮೇಶ ಎಂಬುವನು 'ಅ'ದ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದ.

"ಏನ್ರೋ, ಇದೇನು ನಂದಿಬೆಟ್ಟಾನಾ? ನಡೀರಿ ಕೆಲಸಕ್ಕೆ!"

ಸವಿತಾ ರೇಗಿದಳಾದರೂ ಸಿಟ್ಟು ಅವರ ಮೇಲಿನದಲ್ಲ. ಪೀಣ್ಯದ ಈ ಕಾರ್ಖಾನೆಯ ಸುರಕ್ಷತೆ ಅವಳ ಜವಾಬ್ದಾರಿ. ಕಂಪನಿಗೆ ಹೊಸ ಮುಖ ಬೇಕೆಂದು ಮಾರತ್ತಹಳ್ಳಿಯ ಆಫೀಸಿನವರು ಬೋರ್ಡುಗಳಿಗೆಲ್ಲ ಹೊಸ ಅಕ್ಷರವಿನ್ಯಾಸ ಮಾಡಿಸಿದ್ದರು. ಕನ್ನಡದ ಅಕ್ಷರ ಮೊದಲೇ ದುಂಡು. ಅದಕ್ಕೆ ಮತ್ತಷ್ಟು ಉಣ್ಣಿಸಿ, ಎಣ್ಣೆಯಿಂದ ಆಗಷ್ಟೇ ಎತ್ತಿದ ಬೋಂಡಾದ ಹಾಗೆ ಮಾಡಿಟ್ಟಿದ್ದರು. ಕ್ಯಾಂಟೀನಿನ 'ಉಪ್ಪಿಟ್ಟು' ಅದರಲ್ಲಿ ನಿಜಕ್ಕೂ ರುಚಿಯಾಗಿ ಕಾಣುತ್ತಿತ್ತು. ಆದರೆ ಅದೇ ಭರದಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಬೋರ್ಡನ್ನೂ ಬದಲಿಸಿದ್ದರು. ಕಳೆದ ವರ್ಷ ಆ ಪ್ರೆಸ್ಸು, ಅದನ್ನು ನಡೆಸುತ್ತಿದ್ದ ಯಂಕಪ್ಪನ ಎಡಗೈಯ ಎರಡು ಬೆರಳು ತಿಂದ ಮೇಲೆ ಸವಿತಾ ಹಟ ಹಿಡಿದು ಹಾಕಿಸಿದ್ದ ಬೋರ್ಡು ಅದು.

ಅವಳು ಮಾರತ್ತಹಳ್ಳಿಗೆ ಮತ್ತೆ ಫೋನು ಮಾಡಿದಳು. ಬ್ರ್ಯಾಂಡು ನೋಡಿಕೊಳ್ಳುವ ಸ್ಫೂರ್ತಿ ಫೋನೆತ್ತಿದಳು.

"ಟೆಸ್ಟ್ ಮಾಡ್ಸಿದೀವಿ ಮೇಡಂ. ಜನಕ್ಕೆ ತುಂಬಾ ಫ್ರೆಂಡ್ಲಿ ಅನ್ಸಿದೆ."

"ಅದೇ ಕಣ್ರೀ ತೊಂದ್ರೆ! ನೂರೈವತ್ತು ಟನ್ ಪ್ರೆಸ್ಸದು. ಅದ್ರ ಜೊತೆ ಫ್ರೆಂಡ್‌ಶಿಪ್ ಮಾಡ್ಬೇಕಾ? ಹಳೇ ಬೋರ್ಡ್ ಕೊಡ್ಸಿ."

"ಅದು ಸ್ಕ್ರ್ಯಾಪ್‌ಗೆ ಹೋಯ್ತಲ್ಲ."

"ಪಕ್ಕದಲ್ಲಿ ಇನ್ನೊಂದು ಹಾಕ್ಕೊಳ್ಲಾ?"

"ಅಯ್ಯೋ, ಅಕ್ಷರದ ಸುತ್ತ ಜಾಗ ಖಾಲಿ ಇರ್ಬೇಕು, ಅದು ರೂಲು. ಒಂದು ಮೇಲ್ ಹಾಕಿ, ಮುಂದಿನ ಕ್ವಾರ್ಟರ್ ನೋಡೋಣ."

ಆಗಲೇ ಮೂರು ಮೇಲ್ ಹಾಕಿಯಾಗಿತ್ತು. ಸವಿತಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಅಷ್ಟರಲ್ಲಿ ಪ್ರೆಸ್ಸಿನ ಕಡೆಯಿಂದ ಕೂಗು ಕೇಳಿತು.

ಅವಳು ಓಡಿ ಬರುವಾಗ ಪ್ರೆಸ್ಸು ನಿಂತಿತ್ತು. ಈಗ ಪೇಂಟಿಂಗ್ ವಿಭಾಗದಲ್ಲಿದ್ದ ಯಂಕಪ್ಪ ಹನುಮೇಶನ ಕಾಲರ್ ಹಿಡಿದುಕೊಂಡಿದ್ದ. ಒಳಗೆ ಸಿಕ್ಕಿಕೊಂಡ ತಗಡಿನ ಚೂರನ್ನು, ಮಷೀನು ನಿಲ್ಲಿಸದೆಯೇ, ಹನುಮೇಶ ಕೈ ಹಾಕಿ ಎಳೆಯಹೋಗಿದ್ದನಂತೆ.

"ಲೇ ತಮ್ಮಾ, ಬೋರ್ಡ್ ಓದಿದ್ದಿಲ್ಲೇನು?"

"ಓದೀನಣ್ಣಾ," ಎಂದ ಹನುಮೇಶ. "ಭಾಳ ಚಂದ ಐತಿ."

"ಚಂದ ಐತಂತ ಕೈ ಒಳಗ ಇಡ್ತೀಯೇನು?"

ಯಂಕಪ್ಪ ಕಾಲರ್ ಬಿಟ್ಟ. ಸವಿತಾಳ ಕಡೆ ಒಮ್ಮೆ ನೋಡಿದ. ತನ್ನ ವಿಭಾಗಕ್ಕೆ ಹೋಗಿ ರೆಡ್ ಆಕ್ಸೈಡ್ ಬಣ್ಣದ ಡಬ್ಬಿ ತಂದು, ಎಡಗೈಯನ್ನು ಅದರಲ್ಲಿ ಅದ್ದಿ, ಅಕ್ಷರದ ಪಕ್ಕ ಖಾಲಿ ಬಿಟ್ಟಿದ್ದ ಹಳದಿ ಜಾಗಕ್ಕೆ ಒತ್ತಿದ. ಅಂಗೈ, ಹೆಬ್ಬೆರಳು, ತೋರುಬೆರಳು, ಕೊನೆಗೊಂದು ಕಿರುಬೆರಳು. ನಡುವೆ ಹಳದಿ ಹಾಗೇ ಉಳಿಯಿತು.

ಕೆಂಪು ನಿಧಾನಕ್ಕೆ ಕೆಳಗಿಳಿಯತೊಡಗಿತು.

"ಒಣಗೋವರ್ಗೂ ಯಾರೂ ಮುಟ್ಬೇಡಿ," ಎಂದಳು ಸವಿತಾ.

ಹನುಮೇಶನ ಎರಡೂ ಕೈ ಆಗಲೇ ಬೆನ್ನ ಹಿಂದಿದ್ದವು.