ಬಾಗಿಲ ಮೇಲಿನ ಮ್ಯಾನೇಜರ್

“ಸೈನ್ ಹಾಕ್ರೀ ಮ್ಯಾನೇಜರೇ, ಇನ್‌ಸ್ಪೆಕ್ಟರ್ ಸಾಹೇಬ್ರು ಎಷ್ಟೊತ್ತು ಅಂತ ಕಾಯ್ತಾರೆ?” ರಾಜೇಂದ್ರ ಪೆನ್ನಿನ ಮುಚ್ಚಳವನ್ನು ತಾನೇ ತೆಗೆದು ಕೊಟ್ಟ.

ಹನುಮಂತಯ್ಯ ಕಾಗದವನ್ನು ಎರಡನೇ ಸಲ ಓದಿದ. ಮಗ್ಗದ ಬೆಲ್ಟಿಗೆ ರಕ್ಷಣೆಯ ಜಾಲರಿ ಇಲ್ಲದೆ, ನೇಯುವ ಹುಡುಗಿ ಬನಶಂಕರಿಯ ಎರಡು ಬೆರಳು ಹೋದದ್ದಕ್ಕೆ ಫ್ಯಾಕ್ಟರಿ ಮ್ಯಾನೇಜರನ ಅಲಕ್ಷ್ಯವೇ ಕಾರಣ ಎಂದಿತ್ತು. ಸಹಿ ಹಾಕಿದರೆ ಕೇಸು ತನ್ನ ಮೇಲೆ.

ಕಳೆದ ಯುಗಾದಿಯವರೆಗೂ ದೊಡ್ಡಬಳ್ಳಾಪುರದ ಈ ಇಪ್ಪತ್ತು ಮಗ್ಗದ ಶೆಡ್ಡಿನಲ್ಲಿದ್ದದ್ದು ಒಬ್ಬ ಯಜಮಾನ, ಒಬ್ಬ ಮೇಸ್ತ್ರಿ. ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ದಿನದ ಮ್ಯಾನೇಜ್‌ಮೆಂಟ್ ಶಿಬಿರ ಮುಗಿಸಿ ಬಂದ ಯಜಮಾನ ರಾಜೇಂದ್ರ ಸಿಇಒ ಆದ. ಅವನ ಹೆಂಡತಿ ಮನೆಯಲ್ಲೇ ಇದ್ದುಕೊಂಡು ಡೈರೆಕ್ಟರ್ ಆದಳು. ನೂಲು ಸುತ್ತುವ ಮುನಿತಾಯಮ್ಮ ಟೀಮ್ ಲೀಡರ್, ಟೀಮಿನಲ್ಲಿ ಅವಳೊಬ್ಬಳೇ. ಸಂಬಳಕ್ಕೆ ಮಾತ್ರ ಬಡ್ತಿ ಸಿಗಲಿಲ್ಲ.

ಮೇಸ್ತ್ರಿ ಹನುಮಂತಯ್ಯನಿಗೆ ‘ಹನುಮಂತಯ್ಯ, ಮ್ಯಾನೇಜರ್’ ಎಂದು ಬರೆದ ಹಿತ್ತಾಳೆ ಬಣ್ಣದ ಬೋರ್ಡು ಬಂತು. ಬೇಕಾದ ಸಾಮಾನನ್ನು ಮೇಸ್ತ್ರಿ ಶೆಡ್ಡಿನ ಬಾಗಿಲ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು, ತರಿಸಿದ್ದಕ್ಕೆ ಯಜಮಾನ ಕೆಂಪು ಟಿಕ್ ಹಾಕುವುದು ರಾಜೇಂದ್ರನ ಅಪ್ಪನ ಕಾಲದ ಪದ್ಧತಿ. “ಅಸಹ್ಯವಾಗಿ ಕಾಣತ್ತೆ, ಆ ಗೀಚಿರೋದ್ರ ಮೇಲೇ ಹಾಕ್ರೀ ಬೋರ್ಡು” ಎಂದಿದ್ದ ಸಿಇಒ. ಇವತ್ತು ಬೆಳಿಗ್ಗೆ, ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುತ್ತಾರೆಂದು, ಬೋರ್ಡಿನ ಸುತ್ತ ಹಸಿರು ಬಣ್ಣ ಬಳಿಸಿದ್ದ.

“ಜಾಲರಿ ಬೇಕು ಅಂತ ನಾನು ಕೇಳಿರಲಿಲ್ವಾ ಯಜಮಾನ್ರೇ?”

“ಯಾವಾಗ ಕೇಳಿದ್ರಿ? ಮ್ಯಾನೇಜರ್ ಅಂದ್ಮೇಲೆ ನೀವೇ ತರಿಸ್ಬೇಕಿತ್ತು.”

“ಒಂದು ಬಲ್ಬು ತರೋಕೂ ನಿಮ್ಮ ಟಿಕ್ ಬೇಕು. ಬೆರಳು ಹೋದಾಗ ಮಾತ್ರ ನಾನು ಮ್ಯಾನೇಜರ್ರಾ?”

ರಾಟೆಯ ಮುಂದಿನಿಂದ ಮುನಿತಾಯಮ್ಮ ಕೂಗಿದಳು: “ಲೀಡರ್ ಹೇಳ್ತಾವ್ಳೆ, ಕೇಳ್ಸ್ಕಳಿ! ಆ ಹುಡ್ಗಿ ಇನ್ಮೇಲೆ ಎಳೆ ಕಿತ್ತೋದ್ರೆ ಹೆಂಗೆ ಗಂಟು ಹಾಕ್ತಾಳೆ, ಅದ್ನೂ ಬರೀರಿ ಆ ಕಾಗ್ದದಲ್ಲಿ!”

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. “ನೋಡಿ, ಜವಾಬ್ದಾರಿ ಯಾರದ್ದು ಅಂತ ನನಗೆ ಒಂದು ಹೆಸ್ರು ಬೇಕು, ಅಷ್ಟೆ.”

“ಬಾಗಿಲ ಮೇಲೇ ಇದೆಯಲ್ಲ ಸಾರ್” ಎಂದು ರಾಜೇಂದ್ರ ನಕ್ಕ.

ಹನುಮಂತಯ್ಯ ಪೆನ್ನು ಕೆಳಗಿಟ್ಟು ಮಗ್ಗದ ಸ್ಕ್ರೂಡ್ರೈವರ್ ಎತ್ತಿಕೊಂಡ. ಬಾಗಿಲಿಗೆ ಹೋಗಿ ಬೋರ್ಡಿನ ಒಂದು ತಿರುಪು ಬಿಚ್ಚಿದ. ಎರಡನೆಯದು ಬಿಚ್ಚಿದ.

“ಏಯ್, ಏನ್ ಮಾಡ್ತಿದೀಯೋ ಮೇಸ್ತ್ರಿ?”

ನಾಲ್ಕೂ ಬಿಚ್ಚಿ, ಬೋರ್ಡನ್ನು ತಂದು ಆ ಕಾಗದದ ಮೇಲೆ ಇಟ್ಟ.

ಹಸಿರು ಬಾಗಿಲಿನ ನಡುವೆ ಹಳೆಯ ನೀಲಿ ಬಣ್ಣ ಒಂದು ಮೊಳ ಉಳಿದಿತ್ತು. ಎಣ್ಣೆ, ಟಿಕ್. ಬಲ್ಬು, ಟಿಕ್. ದೇವರ ಪಟಕ್ಕೆ ಹಾರ, ಟಿಕ್. ಬೆಲ್ಟಿಗೆ ಜಾಲರಿ: ಮೂರು ಸಲ, ಮೂರು ತಾರೀಕು. ಮೂರನೆಯದರ ಮುಂದೆ ಕೆಂಪು ಶಾಯಿಯಲ್ಲಿ ‘ಆಮೇಲೆ ನೋಡೋಣ’, ಅದರ ಕೆಳಗೆ ರಾಜೇಂದ್ರನ ಪುಟ್ಟ ಸಹಿ.

ಇನ್‌ಸ್ಪೆಕ್ಟರ್ ಕನ್ನಡಕ ಹಾಕಿಕೊಂಡು ಬಾಗಿಲ ಹತ್ತಿರ ಬಗ್ಗಿದರು. ಬಣ್ಣ ಇನ್ನೂ ಒಣಗಿರಲಿಲ್ಲ. ಅವರ ಬಿಳಿ ಅಂಗಿಯ ತೋಳಿಗೆ ಒಂದಿಷ್ಟು ಹಸಿರು ಅಂಟಿತು.